ರದ್ದಿ ತಕ್ಕಡಿಯಿಂದ ಅಡಿಕೆ ಒಲೆಯವರೆಗೆ

ಗುರುವಾರ, ಕಾರವಾರ

ದೀಪಾವಳಿ ಕಳೆದ ಒಂದೆರಡು ವಾರ ಹಳೆ ಪುಸ್ತಕ ಹುಡುಕುವವರ ಪಾಲಿಗೆ ಸುಗ್ಗಿ. ಹಬ್ಬಕ್ಕೆ ಮನೆ ಸ್ವಚ್ಛ ಮಾಡಿದವರು ಅಟ್ಟದ ಮೇಲಿದ್ದದ್ದನ್ನೆಲ್ಲ ಇಳಿಸಿ ರದ್ದಿಗೆ ಹಾಕಿರುತ್ತಾರೆ. ರದ್ದಿಯವರು ಅದನ್ನು ಇನ್ನೂ ಲಾರಿಗೆ ಏರಿಸಿರುವುದಿಲ್ಲ. ಆ ನಡುವಿನ ದಿನಗಳನ್ನು ನೋಡಿಕೊಂಡೇ ಹೊರಡಬೇಕು. ಹುಬ್ಬಳ್ಳಿಯಿಂದ ನಸುಕಿನ ಬಸ್ಸು ಹಿಡಿದೆ. ಅರಬೈಲ್ ಘಟ್ಟದಲ್ಲಿ ಸ್ವೆಟರ್ ಬೇಕಿತ್ತು, ಕಾರವಾರದಲ್ಲಿ ಇಳಿಯುವಾಗ ಅಂಗಿ ಬೆನ್ನಿಗೆ ಅಂಟಿತ್ತು.

ನನಗೆ ಬೇಕಿದ್ದದ್ದು ಮಾನವಶಾಸ್ತ್ರದ ಹಳೆ ಪುಸ್ತಕ. ಅದರಲ್ಲೂ ಈ ಉತ್ತರ ಕನ್ನಡ ಜಿಲ್ಲೆಯ ಜನರ ಬಗ್ಗೆ ಬರೆದದ್ದು. ಕೇಳಿದಷ್ಟು ಸುಲಭ ಅಲ್ಲ ಇದು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಮುಂದೆ 1901ರಲ್ಲಿ ಬ್ರಿಟಿಷ್ ಸರಕಾರ ಜಾತಿ, ಬುಡಕಟ್ಟುಗಳ ಸಮೀಕ್ಷೆಗೆ ಒಪ್ಪಿದಾಗ ಆಯಾ ಪ್ರಾಂತ್ಯದವರು ತಮ್ಮ ತಮ್ಮವರನ್ನು ಬರೆದುಕೊಂಡರು. ಮದ್ರಾಸಿನದು ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರ ಏಳು ಸಂಪುಟ, 1909ರಲ್ಲಿ ಬಂತು. ಮುಂಬೈಯದು ಎಂಥೋವನ್ ಅವರ ಮೂರು ಸಂಪುಟ, 1920ರಿಂದ 1922ರೊಳಗೆ. ಮೈಸೂರಿಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟ ಬೇರೆ. ಭಟ್ಕಳದ ಆಚೆ ಈಚೆ, ಘಟ್ಟದ ಮೇಲೆ ಕೆಳಗೆ ಹೆಣ್ಣು ಕೊಟ್ಟು ತಂದ ಒಂದೇ ಜನ ಹೀಗೆ ಮೂರು ಕಡೆ ಹಂಚಿಹೋದರು. ಸೋದರತ್ತೆ ಒಂದು ಪುಸ್ತಕದಲ್ಲಿ, ಸೊಸೆ ಇನ್ನೊಂದರಲ್ಲಿ.

ಕಾರವಾರದ ರದ್ದಿ ಅಂಗಡಿಗಳಲ್ಲಿ ನನಗೆ ಕಂಡದ್ದು ಕನ್ನಡಕ್ಕಿಂತ ಮರಾಠಿಯೇ ಜಾಸ್ತಿ. ದೀಪಾವಳಿ ವಿಶೇಷಾಂಕಗಳು, ಹತ್ತನೇ ಕ್ಲಾಸಿನ ಗೈಡು, ಯಾರದೋ ಮದುವೆಯಲ್ಲಿ ಉಳಿದ ಆಮಂತ್ರಣ ಪತ್ರಿಕೆ. ಮಾರ್ಕೆಟ್ ಹತ್ತಿರದ ಅಂಗಡಿಯವರು ಫೋನಿನಲ್ಲಿ ಕೊಂಕಣಿ ಮಾತಾಡುತ್ತಲೇ ಕೈಸನ್ನೆಯಲ್ಲಿ ನನ್ನನ್ನು ಒಳಗೆ ಬಿಟ್ಟರು. ಇಂಥ ಕಡೆ 'ಇಂಗ್ಲಿಷ್ ಪುಸ್ತಕ ಇದೆಯಾ' ಅಂತ ಕೇಳಿದರೆ ಕಾದಂಬರಿ ತೋರಿಸುತ್ತಾರೆ. 'ಸರಕಾರದ ಹಳೆ ರಿಪೋರ್ಟು, ಒಳಗೆ ನಕಾಶೆ ಇರುವಂಥದ್ದು' ಅನ್ನಬೇಕು. ಅದು ಅವರಿಗೆ ನೆನಪಿರುತ್ತದೆ, ಯಾಕಂದ್ರೆ ತಕ್ಕಡಿಯಲ್ಲಿ ಚೆನ್ನಾಗಿ ತೂಗುತ್ತದೆ. ಇನ್ನೊಂದು, ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಊಟಕ್ಕೆ ಬಾಗಿಲು ಎಳೆದರೆ ನಾಲ್ಕರವರೆಗೆ ತೆರೆಯುವುದಿಲ್ಲ.

ಹತ್ತಿರ ಹತ್ತಿರ ಎರಡು ತಾಸು ಕೆದಕಿದ ಮೇಲೆ ಸಿಕ್ಕಿದ್ದು 1961ರ ಜನಗಣತಿಯ ಒಂದು ಹಳ್ಳಿ ಸಮೀಕ್ಷೆ. ಆ ಸಲ ಅಶೋಕ್ ಮಿತ್ರ ಅವರು ರಿಜಿಸ್ಟ್ರಾರ್ ಜನರಲ್ ಆಗಿದ್ದರು. ತಲೆ ಎಣಿಸಿದರಷ್ಟೇ ಸಾಲದು ಅಂತ ದೇಶದ ತುಂಬ ಹಳ್ಳಿಗಳನ್ನು ಆರಿಸಿ ಮನೆ, ಊಟ, ಸಾಲ, ಮದುವೆ, ದೇವರು ಎಲ್ಲವನ್ನೂ ಬರೆಸಿದರು. ಸರಕಾರಿ ಪ್ರಕಟಣೆ ಅಂತ ಯಾರೂ ಇಟ್ಟುಕೊಳ್ಳಲಿಲ್ಲ. ನನ್ನ ಮಟ್ಟಿಗೆ ಆ ಕಾಲದ ಎಷ್ಟೋ ವಿದ್ವಾಂಸರ ಪುಸ್ತಕಕ್ಕಿಂತ ಇವೇ ಮೇಲು. ಒಂದು ಮನೆಯಲ್ಲಿ ಎಷ್ಟು ಕೊಡ, ಎಷ್ಟು ಕಂಬಳಿ ಅಂತ ಬೇರೆ ಯಾರು ಬರೆಯುತ್ತಾರೆ? ಈ ಪ್ರತಿ ಬಯಲುಸೀಮೆಯ ಊರೊಂದರದ್ದು, ಕಾರವಾರಕ್ಕೆ ಹೇಗೆ ಬಂತೋ. ಹೊದಿಕೆ ಇಲ್ಲ, ಪಿನ್ನು ತುಕ್ಕು ಹಿಡಿದು ಅಂಚಿಗೆ ಕಂದು ಕಲೆ, ಆದರೆ ಕೊನೆಯಲ್ಲಿ ಮಡಚಿಟ್ಟ ನಕಾಶೆ ಹಾಗೇ ಇತ್ತು. ಹಳೆ ಪುಸ್ತಕದಲ್ಲಿ ಮೊದಲು ನೋಡಬೇಕಾದದ್ದೇ ಅದು. ನಕಾಶೆ, ಚಿತ್ರದ ಹಾಳೆ ಕಿತ್ತು ಮಾರಿಕೊಂಡ ಪ್ರತಿಗಳು ಬಹಳ. ತೂಕದ ಲೆಕ್ಕದಲ್ಲಿ ಎಂಟು ರೂಪಾಯಿ ಆಯಿತು. ಹತ್ತು ಕೊಟ್ಟೆ, ಅವರು ಚಿಲ್ಲರೆ ಕೊಡಲಿಲ್ಲ.

ಊಟಕ್ಕೆ ಬಂದರಿನ ಕಡೆಯ ಒಂದು ಖಾನಾವಳಿ. ಬಂಗಡೆ ಫ್ರೈ, ತಿಸ್ರ್ಯಾ ಸುಕ್ಕೆ, ಕುಚ್ಚಲಕ್ಕಿ ಅನ್ನ, ಸೋಲ್ ಕಡಿ. ಎದುರಿಗೆ ಕೂತಿದ್ದ ಅರವತ್ತು ದಾಟಿದ ಹಿರಿಯರು ನನ್ನ ಪುಸ್ತಕವನ್ನೇ ನೋಡುತ್ತಿದ್ದರು. 'ಇದೆಂತ, ಊರಿನ ಇತಿಹಾಸವಾ?' ಅಂದರು. ಹೇಳಿದೆ. ಅವರು ಹರಿಕಂತ್ರರು. ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟ ಕುಟುಂಬದವರು. 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ದು ಅವರಿಗೆ ಚೆನ್ನಾಗಿ ನೆನಪಿದೆ. 1883ರ ಗೆಜೆಟಿಯರಿನಲ್ಲಿ, ಅಂದರೆ ಬ್ರಿಟಿಷ್ ಸರಕಾರ ಬರೆಸಿದ ಜಿಲ್ಲೆಯ ವಿವರಗ್ರಂಥದಲ್ಲಿ, ಈ ಕರಾವಳಿಯ ಮೀನುಗಾರರನ್ನು ಅಂಬಿಗ, ಗಾಬಿತ, ಹರಿಕಂತ್ರ, ಖಾರ್ವಿ ಅಂತ ಬೇರೆ ಬೇರೆಯಾಗಿ ಬರೆದಿದ್ದಾರೆ ಎಂದೆ. 'ಬರ್ದಿದ್ದಾರಾ? ಯಾರ ದೋಣಿ ಎಂಥದ್ದು, ಯಾರ ಬಲೆ ಎಂಥದ್ದು ಅದನ್ನೂ ಬರ್ದಿದ್ದಾರಾ?' ಅಂತ ಕೇಳಿ, ಉತ್ತರಕ್ಕೆ ಕಾಯದೆ ಬಾಳೆಎಲೆ ಮೇಲೆ ಮೀನಿನ ಮುಳ್ಳು ಇಟ್ಟು ರಂಪಣಿ ಬಲೆ ಎಳೆಯುವ ರೀತಿ ತೋರಿಸಿದರು. ಈ ತುದಿಗೆ ಇಷ್ಟು ಜನ, ಆ ತುದಿಗೆ ಅಷ್ಟು, ನಡುವೆ ದೋಣಿ. ನನ್ನ ಸೋಲ್ ಕಡಿ ಮುಗಿದರೂ ಬಲೆ ದಡಕ್ಕೆ ಬಂದಿರಲಿಲ್ಲ.

ಸಂಜೆ ಕಾಳಿ ನದಿಯ ಕಡೆ ನಡೆದೆ. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಕುಸಿದದ್ದರ ಸುದ್ದಿ ಇಲ್ಲಿ ಯಾರ ಜೊತೆ ಮಾತಿಗೆ ನಿಂತರೂ ಬರುತ್ತದೆ.

ಶುಕ್ರವಾರ, ಅಂಕೋಲಾ ಮತ್ತು ಕುಮಟಾ

ಅಂಕೋಲಾದಲ್ಲಿ ಬನ್ಸ್ ಬಾಜಿ ತಿಂದು ಪೇಟೆ ಸುತ್ತಿದೆ. ಕೊರಳ ತುಂಬ ಕರಿಮಣಿ ಸರ ಹಾಕಿದ ಹಾಲಕ್ಕಿ ಹೆಂಗಸರು ರಸ್ತೆ ಬದಿ ಹರಿವೆ ಸೊಪ್ಪು, ಗೆಣಸು ಹರವಿ ಕೂತಿದ್ದರು. ಪದ್ಮಶ್ರೀ ಪಡೆದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಬಡಗೇರಿ ಇದೇ ತಾಲ್ಲೂಕಿನದು. ಅವರು 2025ರಲ್ಲಿ ತೀರಿಕೊಂಡರು. ಇಲ್ಲಿನ ಜನಪದವನ್ನು ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಅಂಥವರು ಊರೂರು ತಿರುಗಿ ಬರೆದಿಟ್ಟರು. ಆ ಹಳೆ ಮುದ್ರಣಗಳು ಕಣ್ಣಿಗೆ ಬಿದ್ದರೆ ಬಿಡಬೇಡಿ. ಇಂಗ್ಲಿಷ್ ಪುಸ್ತಕಕ್ಕೆ ಮರುಮುದ್ರಣ ಇರುತ್ತದೆ, ಸ್ಕ್ಯಾನ್ ಇರುತ್ತದೆ. ಥರ್ಸ್ಟನ್, ಎಂಥೋವನ್ ಇಬ್ಬರನ್ನೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಓದಬಹುದು. ಕುಮಟಾದಲ್ಲಿ ಅಚ್ಚಾದ ಐನೂರು ಪ್ರತಿಯ ಪುಸ್ತಕ ಹೋದರೆ ಹೋಯಿತು.

ಕುಮಟಾದಲ್ಲಿ ಒಬ್ಬರು ನಿವೃತ್ತ ಅಕ್ಕೋರು (ಶಿಕ್ಷಕಿ) ತಮ್ಮ ಅಪ್ಪನ ಪುಸ್ತಕ ಕೊಡುತ್ತಾರೆ ಅಂತ ಪರಿಚಯದವರು ಹೇಳಿದ್ದರು. ಹೆಂಚಿನ ಮನೆ. ಮನೆ ಮಾರಿಯಾಗಿದೆ, ಇನ್ನೊಂದು ತಿಂಗಳಲ್ಲಿ ಅವರು ಮಗಳ ಮನೆಗೆ ಹೋಗುತ್ತಾರೆ. ಅಪ್ಪ ಮಾಸ್ತರರಾಗಿದ್ದರು. ಕಪಾಟಿನ ಕೆಳಗಿನ ಸಾಲು ಒರಲೆ ಪಾಲು. ಮೇಲಿನ ಸಾಲಿನಲ್ಲಿ ಮುಖಪುಟ ಇಲ್ಲದ, ಕಾಕಿ ಬಟ್ಟೆ ಹಚ್ಚಿ ಮನೆಯಲ್ಲೇ ಹೊಲಿದ ಒಂದು ದಪ್ಪ ಪುಸ್ತಕ. ತೆರೆದರೆ ಮುಂಬೈ ಪ್ರಾಂತ್ಯದ ಗೆಜೆಟಿಯರ್, ಹದಿನೈದನೇ ಸಂಪುಟ, ಕೆನರಾ, ಮೊದಲ ಭಾಗ. 1883ರ ಕ್ಯಾಂಪ್‌ಬೆಲ್ ಸಂಪಾದನೆ. ಕೈ ಸ್ವಲ್ಪ ನಡುಗಿತು ಅಂದ್ರೆ ಸುಳ್ಳಲ್ಲ. ಕೆನರಾ ಗೆಜೆಟಿಯರಿಗೆ ಎರಡು ಭಾಗ. ಎರಡನೆಯದರಲ್ಲಿ ಇತಿಹಾಸ, ಊರುಗಳ ವಿವರ. ಜನರ ಅಧ್ಯಾಯ ಇರುವುದು ಮೊದಲನೆಯದರಲ್ಲಿ. ಕೊಳ್ಳುವವರು ಭಾಗ ನೋಡಿಯೇ ಕೊಳ್ಳಬೇಕು.

ಈ ಪ್ರತಿಯ ಬೆಲೆ ಇದ್ದದ್ದು ಅದರ ಅಂಚಿನಲ್ಲಿ. ಮಾಸ್ತರರು ಮೊನಚು ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದಿದ್ದರು, ಅಕ್ಷರ ಇರುವೆಯಷ್ಟು. ಹಾಲಕ್ಕಿಗಳ ಉಡುಪಿನ ಮಾತು ಬರುವಲ್ಲಿ 'ಮಣಿಸರದ ತೂಕ ನೋಡಿದ್ದಾನೆಯೇ?' ಅಂತ. ಊಟದ ವಿವರದ ಪಕ್ಕ 'ಇದು ಹಬ್ಬದ ಊಟ, ದಿನಾ ಅಲ್ಲ'. ಒಂದು ಕಡೆ ಉದ್ದಕ್ಕೆ ಗೆರೆ ಎಳೆದು 'ನಮ್ಮ ಕಡೆ ಇಲ್ಲ. ಮೇಲಿನವರನ್ನು ಕೇಳಿ ಬರೆದದ್ದು' ಅಂತ. ಪುಟ ಪುಟಕ್ಕೂ ಹೀಗೆ. ದೊಡ್ಡ ಊರಿನ ಪುಸ್ತಕ ವ್ಯಾಪಾರಿಗಳು ಇದನ್ನು 'ಗೀಚಿದ ಪ್ರತಿ' ಅಂತ ಬೆಲೆ ಇಳಿಸುತ್ತಾರೆ. ನನಗೆ ಕೇಳಿದರೆ ಏರಿಸಬೇಕು. ಗೆಜೆಟಿಯರ್ ಬರೆಯುವಾಗ ಯಾರನ್ನು ಕೇಳಬೇಕಿತ್ತೋ ಅವರ ಮೊಮ್ಮಕ್ಕಳ ಕಾಲದವರು ಕೊನೆಗೂ ಉತ್ತರ ಬರೆದಿದ್ದಾರೆ.

'ಅಪ್ಪ ರಾತ್ರಿ ಲಾಟೀನು ಇಟ್ಕೊಂಡು ಇದನ್ನ ಓದ್ತಾ ಸಿಟ್ಟು ಮಾಡ್ಕೊಳ್ತಿದ್ರು' ಅಂದರು ಅಕ್ಕೋರು. 'ಅಮ್ಮ ಹೇಳೋಳು, ಸಿಟ್ಟು ಬರೋದಾದ್ರೆ ಓದೋದ್ಯಾಕೆ ಅಂತ.'

ಬೆಲೆಯ ಮಾತು ಬಂತು. ಅವರಿಗೆ ಕೇಳಲು ಸಂಕೋಚ, ನನಗೆ ಹೇಳಲು ಸಂಕೋಚ. ಕೊನೆಗೆ ಎರಡು ಸಾವಿರ ಅಂದೆ. 'ಜಾಸ್ತಿ ಆಯ್ತು' ಅಂದರು! ಅದೇ ದುಡ್ಡಿಗೆ ಫ್ರಾಂಕ್ ಕಾನ್ಲನ್ ಚಿತ್ರಾಪುರ ಸಾರಸ್ವತರ ಬಗ್ಗೆ ಬರೆದ 1977ರ ಪುಸ್ತಕವನ್ನೂ ಕೈಗಿಟ್ಟರು. ಶಿರಾಲಿ ಮಠದ ಕಡೆಯ ನೆಂಟರು ಯಾರೋ ಅಪ್ಪನಿಗೆ ಕೊಟ್ಟದ್ದಂತೆ. ಕಾನ್ಲನ್ ಇತಿಹಾಸಕಾರರು, ಮಾನವಶಾಸ್ತ್ರದವರಲ್ಲ. ಆದರೂ ಒಂದು ಜಾತಿ 1700ರಿಂದ 1935ರವರೆಗೆ ಹಳ್ಳಿಯ ಶಾನುಭೋಗಿಕೆಯಿಂದ ಮುಂಬೈ ಆಫೀಸುಗಳವರೆಗೆ ಹೋದ ದಾರಿಯನ್ನು ಇಷ್ಟು ತಾಳ್ಮೆಯಿಂದ ಹಿಡಿದವರು ಕಡಿಮೆ. ಒಂದು ಹಾಡಿನ ಸಂಗ್ರಹ ಮಾತ್ರ ಅಕ್ಕೋರು ಕೊಡಲಿಲ್ಲ. ಅದನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದರು. ಕೇಳಲೂ ಇಲ್ಲ ನಾನು.

ಶನಿವಾರ, ದೇವಿಮನೆ ಘಟ್ಟ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಬೇಕು. ಅಗಲೀಕರಣದ ಕೆಲಸ ವರ್ಷಗಟ್ಟಲೆ ಎಳೆದ ರಸ್ತೆ. ಒಂದು ಬದಿ ಕೆಂಪು ಮಣ್ಣು ಕಡಿದ ಗುಡ್ಡ, ಇನ್ನೊಂದು ಬದಿ ಕಾಡು. ಅರ್ಧ ಘಟ್ಟದಲ್ಲಿ ಬಸ್ಸಿನಿಂದ ಹೊಗೆ ಬಂತು. ಡ್ರೈವರ್ ಇಳಿದು ನೋಡಿ 'ಇನ್ನೊಂದು ಗಾಡಿ ಬರ್ಲಿ' ಅಂದು ಕಲ್ಲಿನ ಮೇಲೆ ಕೂತು ಕವಳ ಹಾಕಿದರು. ಜನರೆಲ್ಲ ಇಳಿದೆವು. ನನ್ನ ಪುಸ್ತಕದ ರಟ್ಟಿನ ಡಬ್ಬಿ ಬಸ್ಸಿನ ಹಿಂದಿನ ಸೀಟಿನ ಕೆಳಗೇ ಇತ್ತು.

ನವೆಂಬರಿನಲ್ಲಿ ಮಳೆ ಬರಬಾರದು. ಬಂತು. ಹತ್ತು ನಿಮಿಷ ಸುರಿದರೂ ಘಟ್ಟದ ಮಳೆ ಘಟ್ಟದ್ದೇ. ಬಸ್ಸಿನ ಹಿಂದಿನ ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗೆ ಓಡಿ ನೋಡಿದರೆ ಡಬ್ಬಿಯ ಒಂದು ಮೂಲೆ ಮೆತ್ತಗಾಗಿದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದ ಗೆಜೆಟಿಯರಿಗೆ ಏನೂ ಆಗಿರಲಿಲ್ಲ. ಕಾನ್ಲನ್ ಕೆಳಗಂಚು ಮತ್ತು ಜನಗಣತಿಯ ನಕಾಶೆ ಒದ್ದೆ. ಪಕ್ಕದಲ್ಲಿ ಅಂಕೋಲಾದಿಂದ ಉಪ್ಪಿನ ಚೀಲ ತಂದಿದ್ದ ಹೆಂಗಸು 'ನಿಮ್ದು ಪುಸ್ತಕ, ನನ್ನದು ಉಪ್ಪು. ನೀರು ಬಿದ್ರೆ ಯಾರದ್ದು ಜಾಸ್ತಿ ಹಾಳು ಹೇಳಿ?' ಅಂತ ನಕ್ಕರು. ಅವರ ಚೀಲ ಒದ್ದೆಯಾಗಿರಲಿಲ್ಲ, ಅದಕ್ಕೇ ನಗು.

ಮತ್ತೊಂದು ಬಸ್ಸಿನಲ್ಲಿ ನಿಂತುಕೊಂಡೇ ಶಿರಸಿ ಮುಟ್ಟಿದಾಗ ಸಂಜೆ. ಅಂಗಡಿ ಮುಚ್ಚುವ ಮೊದಲು ಮಾರಿಕಾಂಬಾ ದೇವಸ್ಥಾನದ ಕಡೆಯ ಪೇಟೆಯಲ್ಲಿ ಒಂದು ಸುತ್ತು ಹಾಕಿದೆ. ಹಳೆ ಪುಸ್ತಕ, ಹಳೆ ಪಾತ್ರೆ ಎರಡೂ ಮಾರುವ ಒಬ್ಬರ ಹತ್ತಿರ ಥರ್ಸ್ಟನ್ ಮರುಮುದ್ರಣದ ಒಂದು ಬಿಡಿ ಸಂಪುಟ ಇತ್ತು. ಬಿಡಿ ಸಂಪುಟ ಅಗ್ಗಕ್ಕೆ ಸಿಗುತ್ತದೆ. ಆದರೆ ಇದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿರುವ ಪುಸ್ತಕ. ಹವ್ಯಕರು, ಹಳೇಪೈಕರು ಬೇಕಿದ್ದರೆ 'ಎಚ್' ಇರುವ ಎರಡನೇ ಸಂಪುಟ ಬೇಕು. ಅವರ ಹತ್ತಿರ ಇದ್ದದ್ದು ಮೂರನೆಯದು, ಮೊದಲಿನಿಂದ ಕೊನೆವರೆಗೆ ಬರೀ 'ಕೆ'. ಬಿಟ್ಟೆ. ಅದರ ಕೆಳಗಿದ್ದ ತೆಳ್ಳನೆಯ ಪುಸ್ತಕ ಎತ್ತಿಕೊಂಡೆ. ಟಿ.ಸಿ. ಪಾಲಾಕ್ಷಪ್ಪ ಅವರ 'ದಿ ಸಿದ್ಧೀಸ್ ಆಫ್ ನಾರ್ತ್ ಕೆನರಾ', 1976, ಇಲ್ಲಿನ ಆಫ್ರಿಕಾ ಮೂಲದ ಸಿದ್ದಿ ಜನರ ಬಗ್ಗೆ. ಎಷ್ಟು ವರ್ಷದಿಂದ ಹುಡುಕುತ್ತಿದ್ದೆನೋ! ಲೈಬ್ರರಿಯ ಮೊಹರು ಇದೆಯಾ ಅಂತ ಮೊದಲು ನೋಡಿದೆ. ಮೊಹರು ಇದ್ದು, 'ರದ್ದು' ಅಂತ ಹೊಡೆದಿಲ್ಲದಿದ್ದರೆ ನಾನು ಮುಟ್ಟುವುದಿಲ್ಲ, ಅದು ಯಾರೋ ಎತ್ತಿಕೊಂಡು ಬಂದದ್ದು. ಇದರಲ್ಲಿ ಮೊಹರು ಇರಲಿಲ್ಲ. ಇನ್ನೂರೈವತ್ತಕ್ಕೆ ಕೊಟ್ಟರು.

ಭಾನುವಾರ, ಶಿರಸಿಯ ಹತ್ತಿರದ ಒಂದು ಊರು

ಬೆಳಿಗ್ಗೆ ಇಬ್ಬನಿ. ಪಟ್ಟಣದಿಂದ ಹೊರಗೆ ಒಂದು ಹವ್ಯಕರ ಮನೆಗೆ ಹೋಗುವುದಿತ್ತು. ಕಾಲುದಾರಿಯ ಎರಡೂ ಬದಿ ತೋಟ, ಮರದ ಮೇಲೆ ಅಡಿಕೆ ಕೊನೆ ಕೊಯ್ಯುವವರು. ಮನೆ ಅಂಗಳದ ತುಂಬ ಅಡಿಕೆ. ಹೊಸ್ತಿಲು ದಾಟುವ ಮೊದಲೇ 'ಬನ್ನಿ ಬನ್ನಿ, ಆಸರಿಗೆ ಏನು ತಗಳ್ತ್ರಿ?' ಎಂಬ ಮಾತು. ಕಷಾಯ ಬಂತು, ಜೊತೆಗೆ ತೊಡದೇವು. ಕಾಗದಕ್ಕಿಂತ ತೆಳ್ಳಗಿರುವ ಈ ತಿಂಡಿಯನ್ನು ಬೋರಲು ಹಾಕಿದ ಮಡಕೆಯ ಮೇಲೆ ಬಟ್ಟೆ ಎಳೆದು ಮಾಡುತ್ತಾರೆ. ಮುರಿಯುವಾಗ ಪುಡಿಯಾಗದಂತೆ ತಿನ್ನುವುದು ನನಗೆ ಈ ಜನ್ಮಕ್ಕೆ ಬರುವುದಿಲ್ಲ.

ಡಬ್ಬಿ ಬಿಚ್ಚಿ ಒದ್ದೆ ಪುಸ್ತಕ ತೋರಿಸಿದೆ. ಮನೆಯ ಯಜಮಾನರು ಹೆಗಡೇರು ನನಗಿಂತ ಗಡಿಬಿಡಿ ಮಾಡಿದರು. ಬಿಸಿಲಿಗೆ ಇಡಬೇಡಿ, ಹಾಳೆ ಡೊಂಕಾಗುತ್ತದೆ ಅಂದರು. ಹತ್ತಾರು ಹಾಳೆಗೊಂದರಂತೆ ಪೇಪರ್ ತುಂಡು ಇಟ್ಟು, ಪುಸ್ತಕವನ್ನು ನಿಲ್ಲಿಸಿ, ಅಡಿಕೆ ಬೇಯಿಸುವ ಒಲೆಯಿಂದ ನಾಲ್ಕು ಮಾರು ದೂರದ ಜಗುಲಿಯಲ್ಲಿಟ್ಟರು. ನಕಾಶೆಯನ್ನು ಎರಡು ಹಲಗೆಯ ನಡುವೆ ಮಲಗಿಸಿ ಮೇಲೆ ತೂಕದ ಕಲ್ಲು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಣಗಿತ್ತು. ಕಾನ್ಲನ್ ಪುಸ್ತಕ ಮಾತ್ರ ಇವತ್ತಿಗೂ ಅಡಿಕೆ ಬೇಯಿಸಿದ ಚೊಗರಿನ ವಾಸನೆ ಹೊಡೆಯುತ್ತದೆ.

ಹೆಗಡೇರ ಹತ್ತಿರ ನಾನು ನೋಡಲು ಹೋದ ಪುಸ್ತಕ 1964ರ 'ರಿಲಿಜನ್ ಇನ್ ಸೌತ್ ಏಷಿಯಾ'. ಸಂಪಾದಕರು ಎಡ್ವರ್ಡ್ ಹಾರ್ಪರ್. ಅವರು 1950ರ ದಶಕದಲ್ಲಿ ಮಲೆನಾಡಿನ ಹವ್ಯಕರ ಊರೊಂದರಲ್ಲಿದ್ದು, ಅದಕ್ಕೆ ತೋಟಗದ್ದೆ ಅಂತ ಬೇರೆ ಹೆಸರಿಟ್ಟು ಬರೆದರು. ಮಡಿ, ಮೈಲಿಗೆ, ಮುಟ್ಟುಚಟ್ಟುಗಳ ಮೇಲೆ ಅವರ ಉದ್ದದ ಲೇಖನ ಇರುವುದು ಇದರಲ್ಲೇ. ಹೆಗಡೇರು ಇದನ್ನು ಬಹಳ ಹಿಂದೆ ಮುಂಬೈಯ ಫುಟ್‌ಪಾತಿನಲ್ಲಿ ಕೊಂಡದ್ದು. ಕೊಡುವುದಿಲ್ಲ ಅಂತ ಫೋನಿನಲ್ಲೇ ಹೇಳಿದ್ದರು. ಓದಲು ಅಡ್ಡಿಯಿಲ್ಲ, ಬೇಕಾದ ಪುಟದ ಫೋಟೋ ತಗೊಳ್ಳಿ ಅಂದಿದ್ದರು.

ಊಟಕ್ಕೆ ಅಪ್ಪೆಹುಳಿ, ಬ್ರಾಹ್ಮಿ ತಂಬ್ಳಿ. ಊಟ ಆದ ಮೇಲೆ ಹೆಗಡೇರು ಲೇಖನದ ಮಾತು ತೆಗೆದರು. ಯಾವುದು ಮಡಿ, ಯಾವುದರಿಂದ ಕೆಡುತ್ತದೆ, ಮತ್ತೆ ಮಡಿಯಾಗುವುದು ಹೇಗೆ ಎಂಬುದನ್ನು ಆ ಅಮೆರಿಕದವನು ಎಷ್ಟು ಸರಿಯಾಗಿ ಹಿಡಿದಿದ್ದಾನೆ ಅಂತ. ಬಾಗಿಲ ಹತ್ತಿರ ಅಡಿಕೆ ಸುಲಿಯುತ್ತ ಕೂತಿದ್ದ ಅವರ ಅಮ್ಮನಿಗೆ ತೊಂಬತ್ತರ ಹತ್ತಿರ. ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳಿದರು: 'ಅವ ಯಾರ ಹತ್ರ ಕೇಳಿ ಬರ್ದಿದ್ದು?'

'ಊರವ್ರ ಹತ್ರ ಅಮ್ಮಾ.'

'ಗಂಡಸ್ರ ಹತ್ರ ಕೇಳಿರ್ತಾನೆ. ಒದ್ದೆ ಸೀರೆ ಉಟ್ಕೊಂಡು ಬೆಳಗಿನ ಜಾವ ಒಲೆ ಮುಂದೆ ನಿಂತವ್ರು ನಾವು. ತಮಾ, ಥಂಡಿ ಎಷ್ಟಿತ್ತು ಅಂತ ಅದ್ರಲ್ಲಿ ಬರ್ದಿದಾನಾ?'

ನಾನು ಪುಟ ತಿರುಗಿಸಿದೆ, ಸುಮ್ನೆ. ಹೆಗಡೇರು ಎದ್ದು ಹೋಗಿ ಪೆನ್ಸಿಲ್ ತಂದರು. ಅಂಚಿನಲ್ಲಿ ಬರೆದರೋ ಇಲ್ಲವೋ, ಅಷ್ಟರಲ್ಲಿ ಮೋಡ ಕವಿದು ಎಲ್ಲರೂ ಅಂಗಳಕ್ಕೆ ಓಡಿದೆವು. ಅಡಿಕೆ ಮೇಲೆ ತಾಡಪತ್ರಿ ಎಳೆಯುವುದರಲ್ಲಿ ನನ್ನ ಕೈಯೂ ಸೇರಿತು. ಮಳೆ ಬರಲೇ ಇಲ್ಲ.

ಸೋಮವಾರ, ಯಲ್ಲಾಪುರ

ಶಿರಸಿಯಿಂದ ಯಲ್ಲಾಪುರಕ್ಕೆ ಬಂದು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಾಲಾಕ್ಷಪ್ಪ ಅವರ ಪುಸ್ತಕ ಕೈಯಲ್ಲಿತ್ತು. ಪಕ್ಕದಲ್ಲಿ ಕಾಲೇಜು ಬ್ಯಾಗು ಹಾಕಿಕೊಂಡಿದ್ದ ಒಬ್ಬ ಹುಡುಗಿ ಹೆಸರು ಓದಿ 'ಸರ್, ಇದು ನಮ್ ಬಗ್ಗೆನಾ?' ಅಂತ ಕೇಳಿದಳು. ಸಿದ್ದಿ ಹುಡುಗಿ, ಬಿ.ಎ. ಓದುತ್ತಿದ್ದಾಳೆ. ಕೊಟ್ಟೆ. ಅವಳು ಮೊದಲು ವರ್ಷ ನೋಡಿದಳು. '1976. ಆಗ ನಮ್ಗೆ ಎಸ್‌ಟಿ ಆಗಿರ್ಲಿಲ್ಲ' ಅಂದಳು. ಹೌದು, ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಟ್ಟಿಗೆ ಸೇರಿಸಿ ಅಂತ ಓಡಾಡಿದವರಲ್ಲಿ ಅವಳ ಮಾವನೂ ಇದ್ದರಂತೆ.

ಮದುವೆಯ ಬಗ್ಗೆ ಇರುವ ಪುಟ ಹುಡುಕಿ, ಅರ್ಧ ಓದಿ, ತುಟಿ ಓರೆ ಮಾಡಿದಳು. ದಮಾಮಿ ಕುಣಿತ ಇದೆಯಾ, ಕೌದಿ ಹೊಲಿಯೋದು ಇದೆಯಾ ಅಂತ ಕೇಳಿದಳು. ಅವಳ ಅಜ್ಜಿ ಹೊಲಿದ ಕೌದಿಯನ್ನು ಬೆಂಗಳೂರಿನವರು ಬಂದು ಒಯ್ದರಂತೆ, ಗೋಡೆಗೆ ಹಾಕಲು. 'ಹೊದ್ಕೊಳ್ಳೋದನ್ನ ಗೋಡೆಗೆ ಹಾಕ್ತಾರೆ ಸರ್' ಅಂದು ನಕ್ಕಳು. ನಂತರ ಮೊಬೈಲ್ ತೆಗೆದು ಒಂದಷ್ಟು ಪುಟದ ಫೋಟೋ ತೆಗೆದುಕೊಂಡಳು. ಅಜ್ಜಿಗೆ ಕನ್ನಡದಲ್ಲಿ ಹೇಳುತ್ತೇನೆ, ತಪ್ಪು ಇದ್ದರೆ ಬರೆದು ಕಳಿಸುತ್ತೇನೆ ಅಂದಳು. ನಾನು ನಂಬರ್ ಕೊಟ್ಟೆ. ಆಗಲೇ ಮೂರು ವಾಯ್ಸ್ ಮೆಸೇಜ್ ಬಂದಿವೆ, ಮೂರರಲ್ಲೂ ಅಜ್ಜಿಯದೇ ಧ್ವನಿ, ಹಿಂದೆ ಕೋಳಿ ಕೂಗು. ಮದುವೆಯ ಪುಟದ ಮೇಲೆ ಅಜ್ಜಿಗೆ ಬಹಳ ತಕರಾರಿದೆ. ಒಂದೊಂದೇ ಕೇಳಿ ಪೆನ್ಸಿಲ್‌ನಲ್ಲಿ ಅಂಚಿಗೆ ಇಳಿಸುತ್ತಿದ್ದೇನೆ.

ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಡಬ್ಬಿ ಎತ್ತಿ ನೋಡಿ 'ಏನ್ರೀ ಇದು, ಅಡಿಕಿ?' ಅಂದರು. ಹಳೆ ಪುಸ್ತಕ ಅಂದೆ. ವಾಸನೆ ನೋಡಿ ನಂಬದೆ ಮುಚ್ಚಳ ತೆಗೆಸಿ, ಕೈಹಾಕಿ ನೋಡಿ, ಲಗೇಜ್ ಟಿಕೆಟ್ ಹರಿದು ಕೊಟ್ಟರು.